ಸನ್‌ರೂಫ್ ಸೋರ್ತಾ ಇದೆಯಾ? ಸಿಲಿಕಾನ್ ಬೇಡ, ಮೊದಲು ತೂಬು ನೋಡಿ

ಪುಣೆ, ಮುಂಬೈಯಲ್ಲಿ ಇರೋರಿಗೆ ಈ ಕಷ್ಟ ಜೂನ್‌ನಲ್ಲಿ ಶುರು. ಚೆನ್ನೈನವರಿಗೆ ಅಕ್ಟೋಬರ್‌ನಲ್ಲಿ. ರಾತ್ರಿ ಜೋರು ಮಳೆ. ಬೆಳಿಗ್ಗೆ ಆಫೀಸಿಗೆ ಹೊರಟು ಮೊದಲ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದ ಕೂಡಲೇ, ಕಾರಿನ ಒಳಗಿನ ದೀಪದ ಸಂದಿಯಿಂದ ತೊಡೆ ಮೇಲೆ ನೀರು!

ನನ್ನ ಕಾರಲ್ಲಿ ಹೀಗಾದಾಗ ಒಂದು ವರ್ಕ್‌ಶಾಪ್‌ನವರು ಪೂರ್ತಿ ಸನ್‌ರೂಫ್ ಅಸೆಂಬ್ಲಿ ಬದಲಾಯಿಸಬೇಕು ಅಂದ್ರು. ಇನ್ನೊಬ್ಬರು ಗಾಜಿನ ಸುತ್ತ ಸಿಲಿಕಾನ್ ಹಚ್ಚಿ ಕೊಡ್ತೀನಿ ಅಂದ್ರು. ಕೊನೆಗೆ ಬೇಕಾಗಿದ್ದು ಒಂದು ಲೋಟ ನೀರು, ಎರಡು ಮೀಟರ್ ನೈಲಾನ್ ದಾರ, ಒಂದು ಭಾನುವಾರದ ಬೆಳಿಗ್ಗೆ, ಅಷ್ಟೇ.

ಕಾರಣ ಅರ್ಥ ಆಗ್ಬೇಕು ಅಂದ್ರೆ ನಮ್ಮ ತೊಟ್ಟಿ ಮನೆ ನೆನಪು ಮಾಡ್ಕೊಳ್ಳಿ. ಅಲ್ಲಿ ಮಳೆ ಮನೆಯ ಒಳಗೇ ಬೀಳುತ್ತೆ, ಯಾರೂ ಗಾಬರಿ ಆಗಲ್ಲ. ತೊಟ್ಟಿಗೆ ಬಿದ್ದ ನೀರು ತೂಬಿನಿಂದ ಹೊರಗೆ ಹೋಗುತ್ತೆ. ತೂಬಿಗೆ ಕಸ ಕಟ್ಟಿಕೊಂಡರೆ ಮಾತ್ರ ನೀರು ಜಗಲಿ ಹತ್ತುತ್ತೆ. ಸನ್‌ರೂಫ್ ಕೂಡ ಹಾಗೇ. ಗಾಜಿನ ಸುತ್ತ ಇರೋ ರಬ್ಬರ್ ನೀರನ್ನು ಪೂರ್ತಿ ತಡೆಯೋಕೆ ಇರೋದಲ್ಲ, ಸ್ವಲ್ಪ ಒಳಗೆ ಬಂದೇ ಬರುತ್ತೆ. ಬಂದ ನೀರು ಕೆಳಗಿನ ಕಾಲುವೆಯಂಥ ತಟ್ಟೆಗೆ ಬಿದ್ದು, ಮೂಲೆಗಳಲ್ಲಿರೋ ಸಣ್ಣ ಪೈಪುಗಳಿಂದ ಇಳಿದು ಹೋಗುತ್ತೆ. ಸಾಮಾನ್ಯವಾಗಿ ನಾಲ್ಕು ಪೈಪು: ಮುಂದಿನವು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ, ಹಿಂದಿನವು ಹಿಂಬದಿಯ ಕಂಬದೊಳಗೆ.

ಈಗ ನಮ್ಮ ಸೊಸೈಟಿ ಪಾರ್ಕಿಂಗ್ ನೋಡಿ. ಗುಲ್‌ಮೊಹರ್ ಎಲೆ, ಬೇವಿನ ಹೂವು, ಪಕ್ಕದ ಕಟ್ಟಡದ ಸಿಮೆಂಟ್ ಧೂಳು. ಬೇಸಿಗೆಯಿಡೀ ಇವೆಲ್ಲ ಆ ತಟ್ಟೆಗೆ ಸೇರಿ, ಮೊದಲ ಮಳೆಗೆ ಕೆಸರಾಗಿ ಪೈಪಿನ ಬಾಯಿ ಮುಚ್ಚುತ್ತೆ. ಸಿಲಿಕಾನ್ ಹಚ್ಚಿದರೆ ಬಗ್‌ನ ಎರರ್ ಮೆಸೇಜ್ ಮಾತ್ರ ಅಳಿಸಿದ ಹಾಗೆ. ಕಟ್ಟಿಕೊಂಡ ಪೈಪು ಕಟ್ಟಿಕೊಂಡೇ ಇರುತ್ತೆ, ಜೊತೆಗೆ ಗಾಜು ಸರಿಯೋದೂ ನಿಲ್ಲಬಹುದು.

ಮೊದಲು ಒಂದು ವಿಷಯ ಖಚಿತ ಮಾಡ್ಕೊಳ್ಳಿ. ಮಳೆಯೇ ಇಲ್ಲದ ದಿನ, ಎಸಿ ಹಾಕಿದಾಗ ಮಾತ್ರ ಮುಂದಿನ ಸೀಟಿನ ಕಾಲ ಹತ್ತಿರ ಒದ್ದೆ ಆಗ್ತಿದ್ರೆ ಅದು ಎಸಿಯ ನೀರು ಹೋಗೋ ಪೈಪಿನ ತೊಂದರೆ, ಸನ್‌ರೂಫ್‌ದಲ್ಲ.

ಸನ್‌ರೂಫೇ ಅನ್ನಿಸಿದರೆ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಗಾಜು ಪೂರ್ತಿ ತೆರೆದು, ತಟ್ಟೆಯ ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೀರಿ. ಮುಂದಿನ ಮೂಲೆಯಲ್ಲಿ ಪೆನ್ಸಿಲ್ ದಪ್ಪದ ತೂತು ಕಾಣುತ್ತೆ. ಅಲ್ಲಿಗೆ ನಿಧಾನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಡಿ. ಮನೆಯವರೊಬ್ಬರನ್ನು ಆ ಕಡೆಯ ಮುಂದಿನ ಚಕ್ರದ ಹತ್ತಿರ ನಿಲ್ಲಿಸಿ. ಕೆಳಗೆ ನೀರು ಇಳಿದರೆ ಆ ಪೈಪು ಸರಿ ಇದೆ. ತಟ್ಟೆಯಲ್ಲೇ ನಿಂತರೆ ಕಳ್ಳ ಸಿಕ್ಕಿದ. ತಕ್ಷಣ ನೀರು ಬಿಡೋದು ನಿಲ್ಲಿಸಿ, ನಿಂತ ನೀರನ್ನು ಬಟ್ಟೆಯಲ್ಲಿ ಹೀರಿ ತೆಗೀರಿ.

ದಾರ ಅಂದ್ರೆ ಹುಲ್ಲು ಕತ್ತರಿಸೋ ಯಂತ್ರಕ್ಕೆ ಹಾಕ್ತಾರಲ್ಲ, ಆ ಗಟ್ಟಿ ನೈಲಾನ್ ದಾರ. ಸುಮಾರು 2 ಮಿಲಿಮೀಟರ್ ದಪ್ಪದ್ದು ಸಾಕು. ತುದಿಯನ್ನು ಬೆಂಕಿಗೆ ಸ್ವಲ್ಪ ತೋರಿಸಿ ಗುಂಡಗೆ ಮಾಡಿ, ಇಲ್ಲದಿದ್ದರೆ ಪೈಪನ್ನು ಗೀರುತ್ತೆ. ತಿರುಗಿಸ್ತಾ ಮೆಲ್ಲಗೆ ಇಳಿಸಿ. ತಡೆದರೆ ಬಲ ಹಾಕಬೇಡಿ, ಹಿಂದೆ ಎಳೆದು ಮತ್ತೆ ಪ್ರಯತ್ನಿಸಿ. ಆಮೇಲೆ ಪುನಃ ನೀರು ಬಿಟ್ಟು ನೋಡಿ. ಪೆಟ್ರೋಲ್ ಬಂಕಿನ ಗಾಳಿ ಮಾತ್ರ ಬೇಡವೇ ಬೇಡ. ಆ ಒತ್ತಡಕ್ಕೆ ಪೈಪು ತನ್ನ ಕೊಂಡಿಯಿಂದ ಕಳಚಿಕೊಂಡರೆ ಒಳಛಾವಣಿ ಇಳಿಸದೆ ಸರಿ ಮಾಡೋಕಾಗಲ್ಲ.

ಹಾಗಂತ ಎಲ್ಲವನ್ನೂ ನಾವೇ ಮಾಡಬಾರದು. ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಡಿ. ಕರ್ಟನ್ ಏರ್‌ಬ್ಯಾಗ್ ಇರೋ ಕಾರುಗಳಲ್ಲಿ ಅದರ ಭಾಗಗಳು ಅಲ್ಲೇ ಇರುತ್ತವೆ. ಪನೋರಮಿಕ್ ಸನ್‌ರೂಫ್‌ಗಳಲ್ಲಿ ಹಿಂದಿನ ತೂತುಗಳು ಎಷ್ಟೋ ಸಲ ಕೈಗೆ ಸಿಗಲ್ಲ. ಮೇಲೆ ನೀರು ಬಿಟ್ಟಾಗ ಕಾರಿನ ಒಳಗೇ ಇಳಿದರೆ ಪೈಪು ಕಳಚಿದೆ ಅಥವಾ ಸೀಳಿದೆ. ಅದು ವರ್ಕ್‌ಶಾಪ್ ಕೆಲಸ. ವಾರಂಟಿ ಇದ್ದರೆ ಮೊದಲೇ ಅಲ್ಲಿಗೆ ಹೋಗಿ, ಜಾಬ್ ಕಾರ್ಡ್‌ನಲ್ಲಿ 'ನೀರು ಸೋರಿಕೆ' ಅಂತ ಬರೆಸಿ, ಅದರ ಫೋಟೋ ಇಟ್ಕೊಳ್ಳಿ.

'ನಾಲ್ಕು ಹನಿ ತಾನೇ, ಬಿಸಿಲು ಬಂದ್ರೆ ಒಣಗುತ್ತೆ' ಅನ್ನೋರಿದ್ದಾರೆ. ಕಾರ್ಪೆಟ್ ಮೇಲೆ ಒಣಗುತ್ತೆ ನಿಜ. ಅದರ ಅಡಿಯ ಫೋಮ್ ಸ್ಪಂಜಿನ ಹಾಗೆ ವಾರಗಟ್ಟಲೆ ನೀರು ಹಿಡಿದಿಡುತ್ತೆ, ವೈರಿಂಗ್ ಹೋಗೋದೂ ಅದರ ಪಕ್ಕದಲ್ಲೇ. ಕನೆಕ್ಟರ್‌ಗೆ ಕಿಲುಬು ಹಿಡಿದರೆ ಮಳೆಗಾಲ ಮುಗಿದು ಎಷ್ಟೋ ತಿಂಗಳ ಮೇಲೆ ಸೆಂಟ್ರಲ್ ಲಾಕ್ ಕೈಕೊಡಬಹುದು, ಏರ್‌ಬ್ಯಾಗ್ ದೀಪ ಉರಿಯಬಹುದು. ಆಗ ಯಾರಿಗೂ ಜೂನ್‌ನ ನಾಲ್ಕು ಹನಿ ನೆನಪಿರಲ್ಲ. ಹಬ್ಬಕ್ಕೆ ಪುಣೆಯಿಂದ ಹುಬ್ಬಳ್ಳಿಗೆ ಮಕ್ಕಳನ್ನು ಕೂರಿಸ್ಕೊಂಡು ಹೋಗೋ ಕಾರು ಅದು. ಹಾಗಾಗಿ ಮ್ಯಾಟ್ ತೆಗೆದು ಕಾರ್ಪೆಟನ್ನು ಒತ್ತಿ ನೋಡಿ. ಒಳಗೆ ಪಸೆ ಇದ್ದರೆ ಅದನ್ನು ಎತ್ತಿಸಿ, ಪೂರ್ತಿ ಒಣಗಿಸಿ.

ಇಷ್ಟೆಲ್ಲ ಬೇಡ ಅಂದ್ರೆ ಮೇ ಕೊನೆಯ ಭಾನುವಾರಕ್ಕೆ ಫೋನಿನಲ್ಲಿ ಒಂದು ರಿಮೈಂಡರ್ ಹಾಕಿ. ಚೆನ್ನೈನವರು ಸೆಪ್ಟೆಂಬರ್‌ಗೂ ಒಂದು ಹಾಕ್ಕೊಳ್ಳಿ. ತಟ್ಟೆ ಒರೆಸೋದು, ಒಂದು ಲೋಟ ನೀರು ಬಿಟ್ಟು ನೋಡೋದು, ಹತ್ತು ನಿಮಿಷದ ಕೆಲಸ.