ಗುಡ್ಡದೊಳಗಿನಿಂದ ಬರುವ ನೀರು

ಮಕ್ಕಳೇ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕೆಲವು ಅಡಿಕೆ ತೋಟಗಳಿಗೆ ಪಂಪೂ ಬೇಡ, ಕರೆಂಟೂ ಬೇಡ. ನೀರು ತಾನಾಗಿಯೇ ಹರಿದು ಬರುತ್ತದೆ. ಬರುವುದು ಸುರಂಗದಿಂದ. ಬಾವಿಯನ್ನು ಕೆಳಮುಖವಾಗಿ ತೋಡಿದರೆ ಸುರಂಗವನ್ನು ಗುಡ್ಡದ ಬದಿಯಿಂದ ಒಳಕ್ಕೆ, ಅಡ್ಡಕ್ಕೆ ಕೊರೆಯುತ್ತಾರೆ.

ಗುಡ್ಡದಲ್ಲಿ ನೀರು ಎಲ್ಲಿಂದ ಬಂತು? ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಗುಡ್ಡವೋ ಮುರಕಲ್ಲಿನದು. ಒಂದು ತುಂಡು ಮುರಕಲ್ಲನ್ನು ಹತ್ತಿರದಿಂದ ನೋಡಿ, ದೋಸೆಯ ಮೈಯಲ್ಲಿರುವಂತೆ ತೂತೋ ತೂತು. ಮಳೆನೀರು ಆ ತೂತುಗಳ ಮೂಲಕ ಇಳಿಯುತ್ತಾ ಹೋಗಿ, ಕೆಳಗಿನ ಜೇಡಿಮಣ್ಣು ಅಡ್ಡಬಂದಾಗ ಪಕ್ಕಕ್ಕೆ ಸರಿಯುತ್ತದೆ. ಸುರಂಗ ಅದನ್ನು ಅಲ್ಲಿ ಹಿಡಿಯುತ್ತದೆ. ಕಲ್ಲಿನೊಳಗೆ ನೀರಿನ ನಡಿಗೆ ಬಹಳ ನಿಧಾನ. ಆದ್ದರಿಂದಲೇ ಆಟಿಯ ಮಳೆ ನಿಂತು ತಿಂಗಳುಗಳಾದ ಮೇಲೂ ಒಳಗೆ ಒಸರು ಇರುತ್ತದೆ.

ತೋಡುವವರು ಸುರಂಗದ ನೆಲವನ್ನು ಒಳಗೆ ಹೋದಂತೆ ತುಸು ಎತ್ತರಿಸುತ್ತಾರೆ. ಹಾಗಿದ್ದರೆ ಮಾತ್ರ ನೀರು ಹೊರಗೆ ಹರಿಯುತ್ತದೆ. ಜೊತೆಗೊಂದು ದೀಪ ಇರಲೇಬೇಕು. ಅದು ಬೆಳಕಿಗೂ ಹೌದು, ಗಾಳಿಯ ಪರೀಕ್ಷೆಗೂ ಹೌದು: ದೀಪ ಮಂಕಾಗಿ ಆರತೊಡಗಿದರೆ ಒಳಗೆ ಆಮ್ಲಜನಕ ಕಡಿಮೆಯಾಗಿದೆ, ಕೂಡಲೇ ಹೊರಗೆ ಬರಬೇಕು. ಮಕ್ಕಳಂತೂ ಹಳೆಯ ಸುರಂಗಕ್ಕೆ ನುಗ್ಗಲೇಬಾರದು.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದವರು. ಮೊದಲಿನ ಕೆಲವದರಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ, ಮತ್ತೊಂದು ತೋಡಿದರು. ಕೊನೆಗೆ ನೀರು ಸಿಕ್ಕಿತು, ಗುಡ್ಡದಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಷ್ಟು ಹೊಗಳಿದರೂ ಸಾಲದ ಛಲ ಅದು!

ಸುರಂಗದ ನೀರು ನೋಡಲು ಬೆರಳು ಗಾತ್ರದ ಧಾರೆ. ಇಷ್ಟು ನೀರು ತೋಟಕ್ಕೆ ಸಾಕೇ? ಲೆಕ್ಕ ಹಾಕೋಣ. 10 ಲೀಟರಿನ ಬಕೆಟ್ ತುಂಬಲು 2 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 5 ಲೀಟರ್, ಗಂಟೆಗೆ 300, ದಿನಕ್ಕೆ 7,200 ಲೀಟರ್! ಆದರೆ ರಾತ್ರಿಯ ನೀರೂ ವ್ಯರ್ಥವಾಗಬಾರದು. ಅದಕ್ಕೇ ಸುರಂಗದ ಬಾಯಿಯ ಕೆಳಗೆ ಟ್ಯಾಂಕಿ ಕಟ್ಟುತ್ತಾರೆ. ರಾತ್ರಿಯಿಡೀ ತುಂಬಿದ್ದು ಬೆಳಿಗ್ಗೆ ತೋಟಕ್ಕೆ.

ಟ್ಯಾಂಕಿಗೆ ಸೊಳ್ಳೆ ಹೋಗದಂತೆ ಮುಚ್ಚಳ ಬೇಕು, ತಳದ ಕೆಸರನ್ನು ಆಗಾಗ ತೆಗೆಯಬೇಕು. ತಿಳಿಯಾಗಿ ಕಂಡರೂ ಕುಡಿಯುವ ನೀರನ್ನು ಕುದಿಸಲೇಬೇಕು, ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಸುರಂಗದ ನೇರ ಮೇಲ್ಭಾಗದಲ್ಲಿ ಹಟ್ಟಿ, ಗೊಬ್ಬರಗುಂಡಿ, ಕಕ್ಕಸುಗುಂಡಿ ಯಾವುದೂ ಇರಬಾರದು. ಅಲ್ಲಿ ಇಂಗಿದ್ದೇ ಕೆಳಗೆ ಬರುತ್ತದೆ. ಅಲ್ಲಿ ಮರಗಳಿರಲಿ, ಇಂಗುಗುಂಡಿಗಳಿರಲಿ.

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಸುರಂಗವಿದ್ದರೆ ಒಂದು ಬಕೆಟ್, ಒಂದು ಗಡಿಯಾರ ಹಿಡಿದು ಹೊರಗಿನ ಧಾರೆಯನ್ನು ಅಳೆಯಿರಿ. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಇನ್ನೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಕೊಡಬಹುದು ಎಂದು ಅಪ್ಪ ಅಮ್ಮನಿಗೆ ನೀವೇ ಹೇಳಬಹುದು.