ಸ್ಯಾಕ್ಸೊಫೋನಿನಲ್ಲಿ ಕನ್ನಡದ ಮಾತು



"ನಿನಗೆ ಇಂಡಿಯನ್ ಭಾಷೆ ಬರುತ್ತದೆಯೇ?" ಎಂದು ಯಾರಾದರೂ ಕೇಳಿದರೆ ನೀವೇನು ಹೇಳುವಿರಿ? ಅಮೆರಿಕದಲ್ಲಿ ಬೆಳೆದ ನಮ್ಮವರಿಗೆ ಇದು ಹಳೆಯ ಪ್ರಶ್ನೆ. ಜಾಝ್ ವಾದಕ ರುದ್ರೇಶ್ ಮಹಂತಪ್ಪ ಈ ಪ್ರಶ್ನೆಯಿಂದಲೇ ಸಂಗೀತ ಮಾಡಿದರು.

ಕರ್ನಾಟಕ ಮೂಲದ ಈ ಕಲಾವಿದರು 1971ರಲ್ಲಿ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದಲ್ಲಿ. ಮುಖ ನೋಡಿದವರು 'ಇವರಿಗೆ ಭಾರತೀಯ ಸಂಗೀತ ಬಂದೇ ಬರುತ್ತದೆ' ಎಂದುಕೊಳ್ಳುತ್ತಿದ್ದರು. ಅವರು ಕಲಿತದ್ದೋ ಜಾಝ್! ಕಾಲೇಜಿನ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಧ್ವನಿಮುದ್ರಿಕೆಯೊಂದರಲ್ಲಿ ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ದರು. ಮುಂದೆ 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂತು.

ನನಗೆ ಅದಕ್ಕಿಂತ ಕುತೂಹಲದ್ದು 2004ರ 'ಮದರ್ ಟಂಗ್'. ಮೇಲಿನ ಪ್ರಶ್ನೆಗೆ ಅಮೆರಿಕದ ಭಾರತೀಯರು ತಂತಮ್ಮ ಮಾತೃಭಾಷೆಯಲ್ಲಿ ಕೊಟ್ಟ ಉತ್ತರಗಳನ್ನು ರುದ್ರೇಶ್ ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತಗಳನ್ನು ಸ್ವರಗಳಾಗಿ ಬರೆದುಕೊಂಡು ಕೃತಿಗಳನ್ನು ರಚಿಸಿದರು. ತೆಲುಗು, ತಮಿಳು, ಕೊಂಕಣಿಗಳ ಜೊತೆ 'ಕನ್ನಡ' ಎಂಬ ಹೆಸರಿನದೂ ಒಂದಿದೆ.

ಮಾತಿನ ಧಾಟಿ ತಾಳಕ್ಕೆ ಕಟ್ಟುಬಿದ್ದದ್ದಲ್ಲ. ಅದನ್ನು ನುಡಿಸಲು ಧೈರ್ಯ ಬೇಕು. ಆ ಧೈರ್ಯ ಬಂದದ್ದು ಫ್ರೀ ಜಾಝ್‌ನಿಂದ. ಆರ್ನೆಟ್ ಕೋಲ್ಮನ್ 1961ರ 'ಫ್ರೀ ಜಾಝ್' ಮುದ್ರಿಕೆಯಲ್ಲಿ ಹಳೆಯ ಚೌಕಟ್ಟನ್ನೇ ಬಿಟ್ಟುಕೊಟ್ಟರು. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್, ಲಂಡನ್ನುಗಳ ಹುಡುಗರು ಎರಡು ಮೂರು ಸ್ವರಮೇಳಗಳಲ್ಲೇ ಅಬ್ಬರದ ಪಂಕ್ ಹುಟ್ಟುಹಾಕಿದರು. ಜಾನ್ ಜೋರ್ನ್ ಇವೆರಡನ್ನೂ ಬೆರೆಸಿ, 1989ರಲ್ಲಿ ಕೋಲ್ಮನ್ ಕೃತಿಗಳನ್ನು ಪಂಕ್ ವೇಗದಲ್ಲಿ ನುಡಿಸಿದರು. ಕಿವಿ ಮುಚ್ಚಿಕೊಂಡವರೂ ಇದ್ದರೆನ್ನಿ! ರುದ್ರೇಶರನ್ನು ಪಂಕ್ ವಾದಕರೆನ್ನಲಾಗದು. ಆದರೆ 2013ರ 'ಗಮಕ್' ಕೇಳಿ. ಡೇವಿಡ್ ಫ್ಯೂಜಿನ್ಸ್ಕಿಯವರ ಮೆಟ್ಟಿಲಿಲ್ಲದ ವಿದ್ಯುತ್ ಗಿಟಾರು ವೀಣೆಯಂತೆ ಜಾರುತ್ತದೆ, ರಾಕ್ ಸಂಗೀತದಂತೆ ಗುಡುಗುತ್ತದೆ.

ನೀವೂ ಒಂದು ಪ್ರಯೋಗ ಮಾಡಬಹುದು. ಹಿರಿಯೂರು, ಹೊಸದುರ್ಗದ ಕಡೆಯವರಿಗೆ ಗೊತ್ತಿರುವ ಪ್ರಶ್ನೆ: "ಮಾರಿಕಣಿವೆ ಕೋಡಿ ಬಿತ್ತಾ?" 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಷ್ಟು ತಲೆಮಾರುಗಳ ಆಸೆ ಆ ಮಾತಿನಲ್ಲಿದೆ! ನಿಮ್ಮ ಅಜ್ಜಿಯಿಂದ ಅದನ್ನು ಹೇಳಿಸಿ, ಮಂಗಳೂರಿನ ಗೆಳೆಯನಿಂದಲೂ ಹೇಳಿಸಿ. ಬಳಿಕ ಪದಗಳನ್ನು ಬಿಟ್ಟು, ಬರೀ ಧಾಟಿಯನ್ನು ಗುನುಗಿ, ಹಾರ್ಮೋನಿಯಂ ಮೇಲೆ ಹುಡುಕಿ. ಎರಡು ಮನೆಗಳ ನಡುವೆ ಸಿಗುವ ಸ್ವರವನ್ನು ಕೊಳಲಿನಲ್ಲಿ ಹುಡುಕಬೇಕಾದೀತು.