ಮಾತನ್ನು ಕಾದಿರಿಸಿದವರು

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ಪ್ರಾಚೀನ ಗ್ರೀಸಿನ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಸಾಕ್ರೆಟೀಸ್, ಅಲೆಗ್ಸಾಂಡರ್ ಮೊದಲಾದವರನ್ನು ಮಕ್ಕಳು ಪಾಠದಲ್ಲಿ ಓದುತ್ತಾರೆ. ಆದರೆ ಆ ಕಾಲದ ಮಾತು ನಮ್ಮವರೆಗೆ ಉಳಿದು ಬಂದುದರಲ್ಲಿ ಅಷ್ಟಾಗಿ ಹೆಸರಾಗದ ಕೆಲವರ ಪಾಲೂ ಇದೆ. ಅವರನ್ನು ನೆನೆಯುವುದು ಈ ದಿನಕ್ಕೆ ತಕ್ಕುದೆಂದು ನಾವು ಭಾವಿಸಿದ್ದೇವೆ.

ಕ್ರಿ.ಪೂ. 338ರಲ್ಲಿ ಅಥೆನ್ಸ್ ನಗರವು ಮ್ಯಾಸಿಡೋನಿಯದ ಫಿಲಿಪ್ಪನಿಗೆ ಸೋತಿತು. ಆ ಸೋಲಿನ ಬಳಿಕ ಸುಮಾರು 12 ವರ್ಷ ನಗರದ ಹಣಕಾಸನ್ನು ನಿರ್ವಹಿಸಿದವನು ಲೈಕರ್ಗಸ್. ಡೆಮಾಸ್ತನೀಸನ ಸಮಕಾಲೀನನಾದ ವಾಗ್ಮಿ. ಅವನು ಬೊಕ್ಕಸವನ್ನು ತುಂಬಿಸಿದನು, ನೌಕಾಬಲವನ್ನು ಹೆಚ್ಚಿಸಿದನು. ಇವೆಲ್ಲಕ್ಕಿಂತ ನಮಗೆ ಹಿರಿದಾಗಿ ಕಾಣುವುದು ಅವನು ತಂದ ಒಂದು ಶಾಸನ. ಈಸ್ಕಿಲಸ್, ಸೊಫೊಕ್ಲಿಸ್, ಯೂರಿಪಿಡೀಸ್ ಈ ಮೂವರ ನಾಟಕಗಳನ್ನು ಬರೆಯಿಸಿ ಸರ್ಕಾರದ ವಶದಲ್ಲಿ ಇಡಬೇಕು. ನಟರು ಆ ಪಾಠವನ್ನು ಬಿಟ್ಟು ಮನಬಂದಂತೆ ಆಡಕೂಡದು. ಪರರ ಮಾತನ್ನು ಹೀಗೆ ಕಾದ ಲೈಕರ್ಗಸನ 15 ಭಾಷಣಗಳು ಹಿಂದಿನವರಿಗೆ ತಿಳಿದಿದ್ದವು. ಇಂದು ಪೂರ್ಣವಾಗಿ ಉಳಿದಿರುವುದು ಒಂದೇ.

ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಮೆಗಸ್ತನೀಸನ ‘ಇಂಡಿಕಾ’ ಮೂಲದಲ್ಲಿ ಉಳಿದಿಲ್ಲ. ಸ್ಟ್ರಾಬೋ, ಆರಿಯನ್ ಮೊದಲಾದವರು ಅದರಿಂದ ಎತ್ತಿಕೊಂಡ ಭಾಗಗಳಷ್ಟೇ ದೊರೆಯುತ್ತವೆ. ಆ ಚಂದ್ರಗುಪ್ತನ ಮಂತ್ರಿಯದೆಂದು ಪರಂಪರೆ ಹೇಳುವ ‘ಅರ್ಥಶಾಸ್ತ್ರ’ವೂ ಬಹುಕಾಲ ಕಣ್ಮರೆಯಾಗಿತ್ತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಅದರ ಓಲೆಪ್ರತಿಯನ್ನು ತಂದೊಪ್ಪಿಸಿದರು, ಅಲ್ಲಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು.

ಗ್ರೀಕರ ಒಂದು ಪ್ರಹಸನವೂ ಹೀಗೆಯೇ ಈಜಿಪ್ಟಿನ ಮರಳಿನಲ್ಲಿ ಹೂತುಹೋಗಿತ್ತು. ಆಕ್ಸಿರಿಂಕಸ್‌ನಲ್ಲಿ ದೊರೆತ ಆ ಪಪೈರಸ್ 1903ರಲ್ಲಿ ಅಚ್ಚಾಯಿತು. ಭಾರತದ ಕಡಲತೀರದಲ್ಲಿ ನಡೆಯುವ ಆ ಕಥೆಯಲ್ಲಿ ಅರ್ಥವಾಗದ ಕೆಲವು ಮಾತುಗಳಿದ್ದವು. ಅವು ಕನ್ನಡವಿರಬಹುದೆಂದು 1904ರಲ್ಲಿ ಸೂಚಿಸಿದವರು ಜರ್ಮನ್ ವಿದ್ವಾಂಸ ಹುಲ್ಟ್ಶ್. ಮುಂದೆ ಶಾಮಶಾಸ್ತ್ರಿಗಳೂ ಆ ಮಾತುಗಳನ್ನು ಕನ್ನಡವೆಂದೇ ಓದಿದರು. ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಕನ್ನಡ ಬಲ್ಲವರೊಬ್ಬರ ಕಣ್ಣಿಗೆ ಬೀಳದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಇದೇ ಹುಲ್ಟ್ಶ್ ಅವರು ನಮ್ಮ ವಯನಾಡಿಗೂ ಬೇಕಾದವರು. ಭಾರತೀಸುತರ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಎಡಕಲ್ಲಿನ ಗುಹೆಯ ಬಗ್ಗೆ ಫಾಸೆಟ್ 1901ರಲ್ಲಿ ಲೇಖನ ಪ್ರಕಟಿಸಿದಾಗ, ಅಲ್ಲಿನ ಬಂಡೆಬರಹಗಳನ್ನು ಓದಿಕೊಟ್ಟವರು ಅವರೇ.

ಪೋಷಕರೆ, ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ಮುಂದಿನ ಓದಿಗೆ ಇಂಗ್ಲಿಷ್. ಮೂರೂ ಬೇಕು, ಮಲೆಯಾಳವನ್ನು ಅವರು ಚೆನ್ನಾಗಿಯೇ ಕಲಿಯಲಿ. ಆದರೆ ಕನ್ನಡವು ಕೇವಲ ಆಡುವ ಮಾತಾಗಿ ಉಳಿದು, ಓದುವವರು ಇಲ್ಲವಾದರೆ, ಅಜ್ಜನ ಕಾಗದಪತ್ರಗಳೂ ಅಜ್ಜಿಯ ಹಾಡಿನ ಪುಸ್ತಕವೂ ಮೊಮ್ಮಕ್ಕಳಿಗೆ ಬಂಡೆಯ ಮೇಲಣ ಗೀಟುಗಳಾಗುತ್ತವೆ. ಅವನ್ನು ಓದಿಸಲು ಆಗ ಹೊರಗಿನವರನ್ನೇ ಕಾಯಬೇಕು.

ಆದುದರಿಂದ ನಮ್ಮ ಕೋರಿಕೆ ಎರಡು. ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ಹಳೆಯ ಪತ್ರ, ಹಸ್ತಪ್ರತಿ, ಭಾವಚಿತ್ರಗಳ ಪ್ರತಿಗಳನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಬೇಕು. ಪೋಷಕರು ಒಂದನೆಯ ತರಗತಿಗೆ ಮಕ್ಕಳನ್ನು ಕಳುಹಿಸಬೇಕು. ಪ್ರತಿಗಳನ್ನು ಕಪಾಟು ಕಾಯಬಲ್ಲದು. ಓದನ್ನು ಕಾಯಲು ಮಕ್ಕಳೇ ಬೇಕು.